ಕಲ್ಲು ಹೋದರೂ ಅಕ್ಷರ ಉಳಿಯಲಿ

ಅಕ್ಕತಂಗಿಯರೇ, ಊರಿನ ಹಳೆಯ ಕಲ್ಲುಗಳನ್ನು ನೀವೆಲ್ಲ ನೋಡಿದ್ದೀರಿ. ಗುಡಿಯ ಮುಂದೆ ಇರುತ್ತವೆ. ಬಸದಿಯ ಗೋಡೆಗೆ ಒರಗಿರುತ್ತವೆ. ಹೊಲದ ಬದುವಿನಲ್ಲಿ ಅರ್ಧ ಹೂತಿರುತ್ತವೆ. ಕೆಲವು ಊರುಗಳಲ್ಲಿ ಅಂಥ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ. ದನ ಕಟ್ಟುತ್ತಾರೆ.

"ಹಳೇ ಕಲ್ಲು ಬಿಡ್ರಿ. ಅದರಾಗ ಏನೈತಿ?" ಎಂದು ಯಾರಾದರೂ ಕೇಳಬಹುದು.

ಅದರಲ್ಲಿ ಅಕ್ಷರ ಇದೆ. ನಮ್ಮ ಹಿರಿಯರು ಬರೆಸಿದ ಮಾತು ಇದೆ. ಅಕ್ಷರ ಕೊರೆದ ಇಂಥ ಕಲ್ಲಿಗೆ ಶಾಸನ ಎನ್ನುತ್ತಾರೆ. ಯಾರು ಕೆರೆ ಕಟ್ಟಿಸಿದರು, ಯಾರು ಹೊಲ ದಾನ ಕೊಟ್ಟರು, ಯಾರು ಊರಿಗಾಗಿ ಜೀವ ಕೊಟ್ಟರು, ಎಲ್ಲ ಅದರಲ್ಲಿದೆ. ಕಾಗದ ಇಲ್ಲದ ಕಾಲಕ್ಕೆ ಕಲ್ಲೇ ಕಾಗದ.

ಆದರೆ ಊರು ಬೆಳೆದಂತೆ ಈ ಕಲ್ಲುಗಳು ಕಾಣೆಯಾಗುತ್ತಿವೆ. ಅವುಗಳನ್ನು ಉಳಿಸಲು ಈಗ ಕಂಪ್ಯೂಟರ್, ಮೊಬೈಲ್ ಬಳಸುತ್ತಿದ್ದಾರೆ. ಅದು ಹೇಗೆ? ಅದರಿಂದ ನಮಗೇನು ಲಾಭ? ಈ ಪಾಠದಲ್ಲಿ ತಿಳಿಯೋಣ.

ಬೆಂದಕಾಳಿನ ಕತೆ

ಬೆಂಗಳೂರು ನಮ್ಮ ರಾಜ್ಯದ ರಾಜಧಾನಿ. ಆ ಊರಿಗೆ ಆ ಹೆಸರು ಹೇಗೆ ಬಂತು? ಒಂದು ಕತೆ ಎಲ್ಲರ ಬಾಯಲ್ಲಿದೆ.

ಬಲ್ಲಾಳ ಎಂಬ ರಾಜ ಬೇಟೆಗೆ ಹೋದ. ಕಾಡಿನಲ್ಲಿ ದಾರಿ ತಪ್ಪಿದ. ಹಸಿದು ಸೋತು ಒಂದು ಗುಡಿಸಲಿಗೆ ಬಂದ. ಅಲ್ಲಿ ಒಬ್ಬ ಮುದುಕಿ ಇದ್ದಳು. ಆಕೆಯ ಹತ್ತಿರ ಬೆಂದ ಕಾಳು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅದನ್ನೇ ಕೊಟ್ಟಳು. ರಾಜ ಉಂಡ. ಆ ಜಾಗಕ್ಕೆ ಬೆಂದಕಾಳೂರು ಎಂದು ಹೆಸರಿಟ್ಟ. ಅದೇ ಬೆಂಗಳೂರು ಆಯಿತು.

ಕತೆ ಚೆನ್ನಾಗಿದೆ. ಬಡವಿಯ ಮನಸ್ಸು ದೊಡ್ಡದು ಎಂದು ಹೇಳುತ್ತದೆ. ಆದರೆ ಇದು ನಡೆದ ಸಂಗತಿಯೇ?

ಬೆಂಗಳೂರಿನ ದಕ್ಷಿಣಕ್ಕೆ ಬೇಗೂರು ಎಂಬ ಊರಿದೆ. ಈಗ ಅದು ನಗರದೊಳಗೇ ಸೇರಿದೆ. ಅಲ್ಲಿನ ನಾಗೇಶ್ವರ ಗುಡಿಯಲ್ಲಿ ಒಂದು ಶಾಸನ ಸಿಕ್ಕಿತು. ಅದು ಸುಮಾರು 890ನೇ ಇಸವಿಯದು. ಬೆಂಗಳೂರು ಕಾಳಗದಲ್ಲಿ ಮಡಿದವರ ನೆನಪು ಅದರಲ್ಲಿದೆ. 'ಬೆಂಗಳೂರು' ಎಂಬ ಹೆಸರು ಅದರಲ್ಲಿ ಕೊರೆದಿದೆ.

ಬಲ್ಲಾಳ ರಾಜರು ಬಂದದ್ದು ಅದಾದ ಮೇಲೆ, ನೂರಾರು ವರ್ಷ ಕಳೆದು. ಕೆಂಪೇಗೌಡರು ಬೆಂಗಳೂರಿನ ಕೋಟೆ ಪೇಟೆ ಕಟ್ಟಿಸಿದ್ದು 1537ರಲ್ಲಿ. ಅಂದರೆ ಕೆಂಪೇಗೌಡರಿಗಿಂತ 600 ವರ್ಷಕ್ಕೂ ಮೊದಲೇ ಬೆಂಗಳೂರು ಎಂಬ ಹೆಸರು ಇತ್ತು.

ಒಂದೇ ಒಂದು ಕಲ್ಲು ಈ ಮಾತು ಹೇಳಿತು. ಆ ಕಲ್ಲನ್ನು ಯಾರಾದರೂ ಒಡೆದು ಮನೆಯ ತಳಪಾಯಕ್ಕೆ ಹಾಕಿದ್ದರೆ? ನಾವು ಇಂದಿಗೂ ಕತೆಯನ್ನೇ ನಿಜ ಎಂದು ನಂಬುತ್ತಿದ್ದೆವು. ಅಲ್ಲವೇ?

ಊರು ಬೆಳೆಯಿತು, ಕಲ್ಲು ಕಳೆಯಿತು

1901ರಲ್ಲಿ ಬೆಂಗಳೂರಿನ ಜನ ಎರಡು ಲಕ್ಷಕ್ಕಿಂತ ಕಡಿಮೆ. 2011ರ ಜನಗಣತಿಯಲ್ಲಿ 84 ಲಕ್ಷ ದಾಟಿತ್ತು. ಇಷ್ಟು ಜನಕ್ಕೆ ಮನೆ ಬೇಕು. ರಸ್ತೆ ಬೇಕು. ಚರಂಡಿ ಬೇಕು. ಸುತ್ತಲಿನ ಹಳ್ಳಿಗಳೆಲ್ಲ ನಗರದ ಹೊಟ್ಟೆಯೊಳಗೆ ಹೋದವು. ಕೆರೆಗಳು ಬಡಾವಣೆಗಳಾದವು. ಹೊಲಗಳಲ್ಲಿ ದೊಡ್ಡ ದೊಡ್ಡ ಕಟ್ಟಡ ಎದ್ದವು.

ಹೊಲದ ಬದುವಿನಲ್ಲಿದ್ದ ಕಲ್ಲು ಎಲ್ಲಿಗೆ ಹೋಯಿತು? ಕೆರೆಯ ಏರಿಯ ಮೇಲಿದ್ದ ಕಲ್ಲು ಎಲ್ಲಿಗೆ ಹೋಯಿತು? ಕೆಲವು ಮಣ್ಣಿನಡಿ ಸೇರಿದವು. ಕೆಲವು ಚರಂಡಿಗೆ ಚಪ್ಪಡಿಯಾದವು. ಕೆಲವನ್ನು ಒಡೆದು ಹಾಕಿದರು. ಕೆಲವರು ಕಲ್ಲಿನ ಕೆಳಗೆ ನಿಧಿ ಇದೆ ಎಂದು ಅಗೆದರು. ಶಾಸನದಲ್ಲಿ ನಿಧಿಯ ಗುಟ್ಟು ಬರೆದಿದೆ ಎಂಬುದು ಬರೀ ಮೂಢನಂಬಿಕೆ. ಅಕ್ಷರ ಓದಲು ಬಾರದವರು ಹುಟ್ಟಿಸಿದ ಮಾತು ಅದು. ಓದಿದರೆ ತಿಳಿಯುತ್ತದೆ, ಅದರಲ್ಲಿ ಇರುವುದು ದಾನದ ಮಾತು, ನೆನಪಿನ ಮಾತು.

ನೂರು ವರ್ಷದ ಹಿಂದೆಯೇ ಒಬ್ಬರು ಈ ಕಲ್ಲುಗಳ ಪಟ್ಟಿ ಮಾಡಿದ್ದರು. ಅವರ ಹೆಸರು ಬಿ. ಎಲ್. ರೈಸ್. ಇಂಗ್ಲಿಷರ ಮನೆತನದವರು, ಆದರೆ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಕನ್ನಡ ಚೆನ್ನಾಗಿ ಕಲಿತಿದ್ದರು. ಅವರು ಮತ್ತು ಅವರ ಕಡೆಯವರು ಹಳೆ ಮೈಸೂರು ಸೀಮೆಯ ಹಳ್ಳಿಹಳ್ಳಿಗೆ ಹೋದರು. ಸುಮಾರು 9,000 ಶಾಸನಗಳನ್ನು ಪುಸ್ತಕಗಳಲ್ಲಿ ಅಚ್ಚು ಹಾಕಿಸಿದರು. ಬೆಂಗಳೂರು ಜಿಲ್ಲೆಯ ಶಾಸನಗಳ ಪುಸ್ತಕ 1905ರಲ್ಲಿ ಬಂತು.

ಆ ಕಾಲದಲ್ಲಿ ಅಚ್ಚು ತೆಗೆಯುವ ರೀತಿ ಹೀಗಿತ್ತು. ಮೊದಲು ಕಲ್ಲನ್ನು ತೊಳೆಯಬೇಕು. ಅದರ ಮೇಲೆ ಒದ್ದೆ ಕಾಗದ ಹಾಸಬೇಕು. ಬ್ರಷ್‌ನಿಂದ ಮೆಲ್ಲಗೆ ಬಡಿಯಬೇಕು. ಆಗ ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಬೇಕು. ಉಬ್ಬಿದ ಜಾಗ ಕಪ್ಪಾಗುತ್ತದೆ. ತಗ್ಗಿನಲ್ಲಿರುವ ಅಕ್ಷರ ಬೆಳ್ಳಗೆ ಕಾಣುತ್ತದೆ. ಇಂದಿಗೂ ಈ ಪದ್ಧತಿ ಇದೆ.

ರೈಸ್ ಅವರ ಪುಸ್ತಕದಲ್ಲಿರುವ ಎಷ್ಟೋ ಕಲ್ಲುಗಳು ಇಂದು ಹುಡುಕಿದರೆ ಸಿಗುವುದಿಲ್ಲ. ಕಲ್ಲು ಹೋಯಿತು. ಪುಸ್ತಕದಲ್ಲಿ ಬರೆದದ್ದು ಮಾತ್ರ ಉಳಿಯಿತು. ಬರೆಯದೇ ಇದ್ದಿದ್ದರೆ ಅದೂ ಇರುತ್ತಿರಲಿಲ್ಲ.

ಹೆಬ್ಬಾಳದ ಕಿತ್ತಯ್ಯ

2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮನೆಗಳ ನಡುವೆ ಒಂದು ಕಲ್ಲು ಸಿಕ್ಕಿತು. ಅದು ವೀರಗಲ್ಲು. ಊರಿಗಾಗಿ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲಿಗೆ ವೀರಗಲ್ಲು ಎನ್ನುತ್ತಾರೆ. ಬಲ್ಲವರು ಬಂದು ಓದಿದರು. ಅದು ಸುಮಾರು 750ನೇ ಇಸವಿಯದು. ಗಂಗರ ರಾಜ ಶ್ರೀಪುರುಷನ ಕಾಲದ್ದು. ಕಿತ್ತಯ್ಯ ಎಂಬವನು ಶತ್ರುಗಳ ದಾಳಿಯಲ್ಲಿ ಹೋರಾಡಿ ಸತ್ತ ಎಂದು ಅದರಲ್ಲಿದೆ.

ಆ ಕಲ್ಲಿನಲ್ಲಿ ಹೆಬ್ಬಾಳಕ್ಕೆ 'ಪೆರ್ಬೊಳಲ್' ಎಂಬ ಹೆಸರಿದೆ. ಹಾಗೆಂದರೆ ದೊಡ್ಡ ಊರು. ಹಿಂದೆ ಕನ್ನಡದಲ್ಲಿ 'ಪ' ಇದ್ದ ಎಷ್ಟೋ ಕಡೆ ಈಗ 'ಹ' ಬಂದಿದೆ. ಪಾಲು ಹಾಲಾಯಿತು. ಪೂವು ಹೂವಾಯಿತು. ಹಾಗೆಯೇ ಪೆರ್ಬೊಳಲ್ ಹೆಬ್ಬಾಳವಾಯಿತು. ನಾವು ದಿನಾ ಆಡುವ ಮಾತಿಗೆ ಎಷ್ಟು ವಯಸ್ಸು ನೋಡಿರಿ!

ಊರಿನ ಜನ ಸುಮ್ಮನಿರಲಿಲ್ಲ. ಹಣ ಕೂಡಿಸಿದರು. ಆ ಕಲ್ಲಿಗೆ ಒಂದು ಮಂಟಪ ಕಟ್ಟಿಸಿದರು. ಇದು ಸರಕಾರ ಒಂದೇ ಮಾಡುವ ಕೆಲಸ ಅಲ್ಲ, ಜನರೂ ಮಾಡಬಹುದು ಎಂದು ತೋರಿಸಿದರು.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಎಂಬ ಹಳೆಯ ಸಂಸ್ಥೆ ಇದೆ. ಅದು 1909ರಲ್ಲಿ ಹುಟ್ಟಿತು. ಇತಿಹಾಸದ ಕೆಲಸ ಮಾಡುತ್ತದೆ. ಈ ಸಂಸ್ಥೆ 2021ರಲ್ಲಿ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿತು. ಬೆಂಗಳೂರು ಸುತ್ತಲಿನ ಶಾಸನದ ಕಲ್ಲುಗಳನ್ನು ಹುಡುಕುವುದು. ಸಿಕ್ಕ ಕಲ್ಲಿನ ಚಿತ್ರವನ್ನು ಯಂತ್ರದಿಂದ ತೆಗೆದು ಕಂಪ್ಯೂಟರಿನಲ್ಲಿ ಇಡುವುದು. ಇದಕ್ಕೆ ಡಿಜಿಟಲ್ ಸಂರಕ್ಷಣೆ ಎಂದು ಹೆಸರು. ಸಂರಕ್ಷಣೆ ಎಂದರೆ ಕಾಪಾಡುವುದು. ಡಿಜಿಟಲ್ ಎಂದರೆ?

ಡಿಜಿಟಲ್ ಎಂದರೆ ಏನು?

ಇದನ್ನು ತಿಳಿಯಲು ರಂಗೋಲಿಯನ್ನು ನೆನೆಯಿರಿ.

ನೀವು ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಹಾಕುತ್ತೀರಿ. ಮಳೆ ಬಂದರೆ ಅಳಿಸಿ ಹೋಗುತ್ತದೆ. ಮಕ್ಕಳು ತುಳಿದರೂ ಹೋಗುತ್ತದೆ. ಆದರೆ ನೀವು ಒಂದು ವಹಿಯಲ್ಲಿ ಬರೆದಿಟ್ಟಿದ್ದೀರಿ ಎನ್ನಿ. ಎಷ್ಟು ಚುಕ್ಕಿ, ಎಷ್ಟು ಸಾಲು, ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಗೆರೆ, ಎಲ್ಲ ಲೆಕ್ಕ ಅದರಲ್ಲಿದೆ. ಆಗ ಅದೇ ರಂಗೋಲಿಯನ್ನು ನಾಳೆ ಮತ್ತೆ ಹಾಕಬಹುದು. ಆ ಲೆಕ್ಕವನ್ನು ಅಥಣಿಗೆ ಕೊಟ್ಟ ಮಗಳಿಗೆ ಕಳಿಸಿದರೆ ಅವಳೂ ಹಾಕುತ್ತಾಳೆ. ಒಂದು ಚುಕ್ಕಿಯೂ ತಪ್ಪುವುದಿಲ್ಲ.

ಡಿಜಿಟಲ್ ಎಂದರೆ ಇದೇ. ಚಿತ್ರವನ್ನು, ಅಕ್ಷರವನ್ನು, ದನಿಯನ್ನು ಲೆಕ್ಕವಾಗಿ ಬರೆದಿಡುವುದು. ಕಂಪ್ಯೂಟರಿಗೆ ಲೆಕ್ಕ ಬಿಟ್ಟರೆ ಬೇರೆ ತಿಳಿಯದು. ಆದರೆ ಕೋಟಿಗಟ್ಟಲೆ ಚುಕ್ಕಿಯ ಲೆಕ್ಕವನ್ನು ಅದು ಕ್ಷಣದಲ್ಲಿ ಇಟ್ಟುಕೊಳ್ಳುತ್ತದೆ.

ಈಗ ಕಲ್ಲಿನ ಮಾತಿಗೆ ಬರೋಣ. ರಂಗೋಲಿ ನೆಲಕ್ಕೆ ಅಂಟಿದ್ದು. ಕಲ್ಲಿನ ಅಕ್ಷರ ಹಾಗಲ್ಲ. ಅದಕ್ಕೆ ಉಬ್ಬು ಇದೆ, ತಗ್ಗು ಇದೆ. ಅದಕ್ಕಾಗಿ ಸ್ಕ್ಯಾನರ್ ಎಂಬ ಯಂತ್ರ ಬಳಸುತ್ತಾರೆ. ಅದನ್ನು ಕೈಯಲ್ಲಿ ಹಿಡಿದು ಕಲ್ಲಿನ ಸುತ್ತ ನಿಧಾನವಾಗಿ ಆಡಿಸುತ್ತಾರೆ. ಯಂತ್ರ ಕಲ್ಲಿನ ಮೇಲೆ ಬೆಳಕು ಚೆಲ್ಲುತ್ತದೆ. ತಗ್ಗಿನಲ್ಲಿ ಬೆಳಕು ಒಂದು ರೀತಿ ಬೀಳುತ್ತದೆ. ಉಬ್ಬಿನ ಮೇಲೆ ಇನ್ನೊಂದು ರೀತಿ ಬೀಳುತ್ತದೆ. ಯಂತ್ರ ಅದನ್ನು ಅಳೆಯುತ್ತದೆ. ಪ್ರತಿ ಚುಕ್ಕಿ ಎಷ್ಟು ಆಳದಲ್ಲಿದೆ ಎಂದು ಬರೆದುಕೊಳ್ಳುತ್ತದೆ. ಕಲ್ಲನ್ನು ಮುಟ್ಟುವುದೂ ಇಲ್ಲ. ಮಸಿ ಬೇಡ, ನೀರು ಬೇಡ.

ಕೊನೆಗೆ ಕಂಪ್ಯೂಟರಿನಲ್ಲಿ ಆ ಕಲ್ಲೇ ನಿಂತಂತೆ ಕಾಣುತ್ತದೆ. ಹಿಂದೆ ತಿರುಗಿಸಿ ನೋಡಬಹುದು. ಹತ್ತಿರ ತಂದು ನೋಡಬಹುದು.

ಇದರಿಂದ ಏನು ಲಾಭ?

ಒಂದನೆಯದು. ಕಣ್ಣಿಗೆ ಕಾಣದ ಅಕ್ಷರ ಕಾಣುತ್ತದೆ. ಮಳೆ ಬಿಸಿಲಿಗೆ ಸಾವಿರ ವರ್ಷ ನಿಂತ ಕಲ್ಲು ಸವೆದಿರುತ್ತದೆ. ಬರಿಗಣ್ಣಿಗೆ ಅಕ್ಷರ ತಿಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ಬೇಕಾದ ಕಡೆಯಿಂದ ಬೆಳಕು ಬಿಟ್ಟು ನೋಡಬಹುದು. ಆಗ ಸವೆದ ಗೆರೆಯೂ ಎದ್ದು ಕಾಣುತ್ತದೆ. ಹಿಂದೆ ತಪ್ಪಾಗಿ ಓದಿದ್ದನ್ನು ತಿದ್ದಲೂ ಆಗುತ್ತದೆ.

ಎರಡನೆಯದು. ಎಲ್ಲರೂ ನೋಡಬಹುದು. ಕಲ್ಲು ಬೆಂಗಳೂರಿನಲ್ಲಿದ್ದರೂ ಶೇಡಬಾಳದಲ್ಲಿ ಕುಳಿತ ಹುಡುಗಿ ತನ್ನ ಮೊಬೈಲಿನಲ್ಲಿ ನೋಡಬಹುದು. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಮೂರನೆಯದು. ಕಲ್ಲಿಗೆ ಏನಾದರೂ ಆದರೂ ಲೆಕ್ಕ ಉಳಿಯುತ್ತದೆ.

ಮಿಥಿಕ್ ಸೊಸೈಟಿಯವರು ಇನ್ನೂ ಒಂದು ಕೆಲಸ ಮಾಡಿದ್ದಾರೆ. ಅದರ ಹೆಸರು 'ಅಕ್ಷರ ಭಂಡಾರ'. ಕಲ್ಲುಗಳಿಂದ ಒಂದೊಂದೇ ಅಕ್ಷರದ ಚಿತ್ರ ಬೇರೆ ತೆಗೆದು ಕೂಡಿಟ್ಟಿದ್ದಾರೆ. ನಾವು ಇಂದು ಬರೆಯುವ 'ಕ' ಸಾವಿರ ವರ್ಷದ ಹಿಂದೆ ಹೇಗಿತ್ತು? 'ಮ' ಹೇಗಿತ್ತು? ಅದರಲ್ಲಿ ನೋಡಬಹುದು. ನೀವು ಪಾಟಿಯ ಮೇಲೆ ಅಕ್ಷರ ತಿದ್ದಿದಿರಲ್ಲ, ಆ ಅಕ್ಷರವೂ ಕಾಲಕಾಲಕ್ಕೆ ತಿದ್ದಿಸಿಕೊಂಡು ಬಂದಿದೆ.

ಸುಟ್ಟ ಗುಡಿ ಮತ್ತೆ ಎದ್ದಿತು

"ಲೆಕ್ಕ ಉಳಿದರ ಏನಾತು? ಹೋದದ್ದು ತಿರುಗಿ ಬರತೈತೇನು?" ಎಂದು ಕೇಳಿದರೆ, ಒಂದು ದೂರದ ಊರಿನ ಸಂಗತಿ ಕೇಳಿರಿ.

ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ನೋತ್ರ್ ದಾಮ್ ಎಂಬ ದೊಡ್ಡ ಚರ್ಚ್ ಇದೆ. 800 ವರ್ಷಕ್ಕೂ ಹಳೆಯದು. 2010ರಲ್ಲಿ ಆಂಡ್ರ್ಯೂ ಟ್ಯಾಲನ್ ಎಂಬ ಅಮೆರಿಕದ ಪ್ರಾಧ್ಯಾಪಕರು ಅದನ್ನು ಒಳಗೂ ಹೊರಗೂ ಯಂತ್ರದಿಂದ ಅಳೆದರು. ನೂರು ಕೋಟಿಗೂ ಹೆಚ್ಚು ಚುಕ್ಕಿಗಳ ಲೆಕ್ಕ ಇಟ್ಟರು. ಅವರು 2018ರಲ್ಲಿ ತೀರಿಕೊಂಡರು.

2019ರ ಏಪ್ರಿಲ್ 15ರಂದು ಆ ಚರ್ಚಿಗೆ ಬೆಂಕಿ ಬಿತ್ತು. ಮರದ ಮಾಡು ಪೂರಾ ಸುಟ್ಟಿತು. ಶಿಖರ ಮುರಿದು ಬಿತ್ತು. ತಿರುಗಿ ಕಟ್ಟುವವರಿಗೆ ಟ್ಯಾಲನ್ ಇಟ್ಟ ಲೆಕ್ಕ ಬಹಳ ಉಪಯೋಗಕ್ಕೆ ಬಂತು. 2024ರ ಡಿಸೆಂಬರಿನಲ್ಲಿ ಚರ್ಚಿನ ಬಾಗಿಲು ಮತ್ತೆ ತೆರೆಯಿತು.

ಅಳೆದವರು ಇಲ್ಲ. ಅವರ ಲೆಕ್ಕ ಉಳಿಯಿತು.

ಅತ್ತಿಮಬ್ಬೆ ಮಾಡಿದ್ದೂ ಇದನ್ನೇ

ಇದು ಹೊಸ ಕಾಲದ ವಿದ್ಯೆ ಎಂದು ತಿಳಿಯಬೇಡಿ. ಯಂತ್ರ ಹೊಸದು. ಬುದ್ಧಿ ಹಳೆಯದು. ಅದೂ ಒಬ್ಬ ಹೆಣ್ಣುಮಗಳ ಬುದ್ಧಿ.

ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಎಂಬ ತಾಯಿ ಇದ್ದಳು. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡ. ಆಕೆ ಮೂಲೆಯಲ್ಲಿ ಕೂರಲಿಲ್ಲ. ಮಗನನ್ನು ಬೆಳೆಸಿದಳು. ದಾನ ಧರ್ಮ ಮಾಡಿದಳು. ಜನ ಆಕೆಯನ್ನು 'ದಾನಚಿಂತಾಮಣಿ' ಎಂದು ಕರೆದರು. ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿ ಇಂದಿಗೂ ಇದೆ. ಅಲ್ಲಿನ ಶಾಸನ 1007ನೇ ಇಸವಿಯದು. ಬಳೆಗಾರರ ಮನೆಯಲ್ಲಿ ಹುಟ್ಟಿದ ಮುಧೋಳದ ರನ್ನ ದೊಡ್ಡ ಕವಿ. ಅವನಿಗೂ ಆಕೆ ಆಸರೆಯಾದಳು.

ಆಗ ಪೊನ್ನ ಎಂಬ ಕವಿ ಬರೆದ 'ಶಾಂತಿಪುರಾಣ' ಎಂಬ ಕಾವ್ಯ ಇತ್ತು. ಆ ಕಾಲದಲ್ಲಿ ಪುಸ್ತಕವನ್ನು ತಾಳೆಗರಿಯ ಮೇಲೆ ಕೈಯಿಂದ ಬರೆಯಬೇಕು. ಒಂದೆರಡೇ ಪ್ರತಿ ಇದ್ದರೆ ಹುಳ ತಿಂದು, ಬೆಂಕಿ ಬಿದ್ದು ಕಾವ್ಯವೇ ಹೋಗುತ್ತದೆ. ಅತ್ತಿಮಬ್ಬೆ ಏನು ಮಾಡಿದಳು? ಆ ಕಾವ್ಯದ ಒಂದು ಸಾವಿರ ಪ್ರತಿ ಬರೆಸಿದಳು. ಎಲ್ಲ ಕಡೆ ಹಂಚಿದಳು. ಇಂದು ಆ ಕಾವ್ಯ ನಮಗೆ ಸಿಗುತ್ತದೆ.

ಒಂದೇ ಕಡೆ ಇದ್ದರೆ ಕಳೆಯುತ್ತದೆ. ಹತ್ತು ಕಡೆ ಇದ್ದರೆ ಉಳಿಯುತ್ತದೆ. ಈ ಮಾತನ್ನು ಮರೆಯಬೇಡಿ. ಕಂಪ್ಯೂಟರ್ ಮಾಡುವುದೂ ಇದನ್ನೇ. ಸಾವಿರ ಪ್ರತಿಯನ್ನು ಗಳಿಗೆಯಲ್ಲಿ ಮಾಡುತ್ತದೆ, ಅಷ್ಟೇ.

ನಮ್ಮ ಸೀಮೆಯ ಮಾತು

ನಮ್ಮ ಬೆಳಗಾವಿ ಸೀಮೆಯನ್ನು ಹಿಂದೆ ರಟ್ಟರು ಆಳಿದರು. ಬೆಳಗಾವಿಯ ಕೋಟೆಯಲ್ಲಿ ಕಮಲ ಬಸದಿ ಇದೆ. ಅದು ರಟ್ಟರ ಕಾಲದ್ದು. 1204ನೇ ಇಸವಿಯ ಹೊತ್ತಿಗೆ ಬೆಳಗಾವಿಯ ಬಸದಿಗೆ ಕೊಟ್ಟ ದಾನವನ್ನು ಎರಡು ಕಲ್ಲುಗಳಲ್ಲಿ ಕೊರೆಸಿದರು. ಅವು ಈಗ ಎಲ್ಲಿವೆ ಗೊತ್ತೇ? ಬೆಳಗಾವಿಯಲ್ಲಿ ಇಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಇಂಗ್ಲಿಷರ ಕಾಲದಲ್ಲಿ ಹಡಗು ಹತ್ತಿ ಹೋದವು.

ನಮ್ಮ ಮಕ್ಕಳು ಆ ಕಲ್ಲು ನೋಡಲು ಲಂಡನ್ನಿಗೆ ಹೋಗಲು ಆಗುತ್ತದೆಯೇ? ಆಗುವುದಿಲ್ಲ. ಆದರೆ ಅಂಥ ಕಲ್ಲಿನ ಡಿಜಿಟಲ್ ಪ್ರತಿ ಇದ್ದರೆ ಶಾಲೆಯಲ್ಲೇ ನೋಡಬಹುದು. ಕಲ್ಲು ದೂರವಾದರೂ ಅಕ್ಷರ ಮನೆಗೆ ಬರುತ್ತದೆ.

ಅಕ್ಷರದಂತೆ ದನಿಯನ್ನೂ ಉಳಿಸಬಹುದು. ನಮ್ಮ ಊರಿನಿಂದ ರೈಲು ಹತ್ತಿದರೆ ಮಿರಜ ಹತ್ತಿರ. ಅಲ್ಲಿ ಅಬ್ದುಲ್ ಕರೀಂ ಖಾನ್ ಎಂಬ ದೊಡ್ಡ ಗಾಯಕರು ನೆಲೆಸಿದ್ದರು. ಅವರು 1937ರಲ್ಲಿ ತೀರಿಕೊಂಡರು. ಅವರ ಹಾಡು ಆಗಿನ ಕರಿಯ ತಟ್ಟೆಗಳಲ್ಲಿತ್ತು. ತಟ್ಟೆ ಒಡೆದರೆ ಹಾಡು ಹೋದಂತೆ. ಆ ತಟ್ಟೆಗಳ ದನಿಯನ್ನು ಡಿಜಿಟಲ್ ಮಾಡಿದ್ದಾರೆ. ಅದಕ್ಕೇ ಇಂದು ಆ ದನಿಯನ್ನು ಮೊಬೈಲಿನಲ್ಲಿ ಕೇಳಬಹುದು.

ಹಾಗಾದರೆ ನಮ್ಮ ಮನೆಯ ಅಜ್ಜಿಯ ಹಾಡು? ಬೀಸುವಾಗ ಹಾಡಿದ ಹಾಡು, ಸೋಬಾನೆ ಪದ, ತೊಟ್ಟಿಲ ಪದ, ಗುಳ್ಳವ್ವನ ಹಾಡು? ಬೀಸುವ ಕಲ್ಲು ಹೋಗಿ ಗಿರಣಿ ಬಂತು. ಕೈಗೆ ಸುಖವಾಯಿತು. ಅದು ಒಳ್ಳೆಯದೇ. ಆದರೆ ಹಾಡು ಕಲ್ಲಿನ ಜೊತೆಗೇ ಹೋಗುತ್ತಿದೆ. ಶಾಸನವಾದರೆ ಕಲ್ಲಿನ ಮೇಲಾದರೂ ಇದೆ. ಅಜ್ಜಿಯ ಹಾಡು ಅಜ್ಜಿಯ ಬಾಯಲ್ಲಿ ಮಾತ್ರ ಇದೆ.

ಪಟ್ಟಣ ಬೆಳೆಯುವುದು ಬೆಂಗಳೂರಿನಲ್ಲಿ ಮಾತ್ರವಲ್ಲ. ಬೆಳಗಾವಿ ಬೆಳೆಯುತ್ತಿದೆ. ಚಿಕ್ಕೋಡಿ, ಅಥಣಿ, ನಿಪ್ಪಾಣಿ ಬೆಳೆಯುತ್ತಿವೆ. ಹಳೆ ಮನೆ ಕೆಡವಿ ಹೊಸ ಮನೆ ಕಟ್ಟುತ್ತಾರೆ. ರಸ್ತೆ ಅಗಲ ಮಾಡುತ್ತಾರೆ. 2019ರಲ್ಲಿ ಕೃಷ್ಣೆ ಉಕ್ಕಿದಾಗ ದಂಡೆಯ ಊರುಗಳಲ್ಲಿ ನೀರು ಮನೆಯೊಳಗೆ ಬಂತು. ಟ್ರಂಕಿನಲ್ಲಿ ಇಟ್ಟ ಕಾಗದ, ಹಳೆ ಫೋಟೋ ನೀರು ಪಾಲಾದವು. ಹೊಲದ ಪತ್ರ ತಿರುಗಿ ತೆಗೆಸಬಹುದು. ಅಪ್ಪನ ಒಂದೇ ಫೋಟೋ ಹೋದರೆ ಎಲ್ಲಿಂದ ತರುವುದು?

ಮಾಸ್ತಿಕಲ್ಲಿನ ಮಾತು

ಹಳೆ ಕಲ್ಲುಗಳಲ್ಲಿ ಒಂದು ಬಗೆಯ ಕಲ್ಲಿದೆ. ಅದರಲ್ಲಿ ಒಂದು ತೋಳು ಮೇಲೆ ಎತ್ತಿರುತ್ತದೆ. ಕೈ ತುಂಬ ಬಳೆ ಇರುತ್ತವೆ. ಇದಕ್ಕೆ ಮಾಸ್ತಿಕಲ್ಲು ಎನ್ನುತ್ತಾರೆ. ಗಂಡ ಸತ್ತಾಗ ಅವನ ಜೊತೆ ಬೆಂಕಿಗೆ ಹೋದ ಹೆಣ್ಣಿನ ನೆನಪಿನ ಕಲ್ಲು ಅದು.

"ಇಂಥಾ ಕಲ್ಲು ಯಾಕ ಉಳಿಸಬೇಕು?" ಎಂದು ಕೇಳಬಹುದು. ಪೂಜೆ ಮಾಡಲು ಅಲ್ಲ. ಸತಿ ಪದ್ಧತಿ ಇಂದು ಅಪರಾಧ. ಅದನ್ನು ಹೊಗಳುವುದೂ ಅಪರಾಧ. ಆದರೆ ಹೆಣ್ಣು ಏನೇನು ಕಂಡಳು ಎಂಬುದಕ್ಕೆ ಆ ಕಲ್ಲು ಸಾಕ್ಷಿ. ಸಾಕ್ಷಿ ಅಳಿಸಿದರೆ ನೋವೂ ಸುಳ್ಳಾಗುತ್ತದೆ. ಅತ್ತಿಮಬ್ಬೆಯ ಕಲ್ಲೂ ಬೇಕು. ಬಳೆಯ ಕೈಯ ಕಲ್ಲೂ ಬೇಕು. ಎರಡೂ ನಮ್ಮ ಕತೆಯೇ.

ಕಂಪ್ಯೂಟರಿನಲ್ಲಿ ಇದ್ದರೆ ಸಾಕೇ?

ಸಾಲದು. ಮೂರು ಮಾತು ತಿಳಿದಿರಬೇಕು.

ಮೊದಲನೆಯ ಮಾತು, ಪ್ರತಿ ಬಂತು ಎಂದು ಮೂಲವನ್ನು ಕೈಬಿಡಬಾರದು. ಮಗುವಿನ ಫೋಟೋ ಇದೆ ಎಂದು ಮಗುವನ್ನು ಬಿಡುತ್ತೇವೆಯೇ? ಕಲ್ಲು ಕಲ್ಲೇ. ಅದು ಇದ್ದ ಜಾಗವೂ ಮುಖ್ಯ. ಕೆರೆಯ ಕಲ್ಲು ಕೆರೆಯ ಹತ್ತಿರ ಇದ್ದರೇ ಅದರ ಮಾತಿಗೆ ಅರ್ಥ.

ಎರಡನೆಯ ಮಾತು, ಡಿಜಿಟಲ್ ಪ್ರತಿಯೂ ಕೆಡುತ್ತದೆ. ಟೇಪ್ ಕ್ಯಾಸೆಟ್ ನೆನಪಿದೆಯೇ? ಮನೆಯಲ್ಲಿ ಕ್ಯಾಸೆಟ್ ಇರಬಹುದು, ಹಾಕಲು ಟೇಪ್ ಇಲ್ಲ. ಮೊದಲು ಕಂಪ್ಯೂಟರಿಗೆ ಫ್ಲಾಪಿ ಎಂಬ ತಟ್ಟೆ ಇತ್ತು. ಈಗಿನ ಕಂಪ್ಯೂಟರಿಗೆ ಅದು ಹಿಡಿಸುವುದೇ ಇಲ್ಲ. ಮೊಬೈಲ್ ನೀರಿಗೆ ಬಿದ್ದರೆ ಅದರಲ್ಲಿದ್ದದ್ದೂ ಹೋಯಿತು. ಕೂಡಿಟ್ಟ ಜೋಳವನ್ನು ಆಗಾಗ ಬಿಸಿಲಿಗೆ ಹಾಕುತ್ತೀರಲ್ಲ? ಹಾಗೆಯೇ ಡಿಜಿಟಲ್ ಪ್ರತಿಯನ್ನೂ ಆಗಾಗ ನೋಡಬೇಕು. ಹೊಸ ಯಂತ್ರಕ್ಕೆ ಹಾಕಿಡಬೇಕು. ಎರಡು ಮೂರು ಕಡೆ ಇಡಬೇಕು.

ಮೂರನೆಯ ಮಾತು, ಹಾಡಿದವರ ಹಕ್ಕು. ಯಾರಾದರೂ ಬಂದು ನಿಮ್ಮ ಹಾಡು ತುಂಬಿಕೊಂಡು ಹೋದರೆ ಕೇಳಿರಿ. ಎಲ್ಲಿ ಹಾಕುತ್ತೀರಿ? ಹಾಡಿದವಳ ಹೆಸರು ಬರೆಯುತ್ತೀರಾ? ಮಾರಿದರೆ ನಮಗೇನು? ಹೀಗೆ ಕೇಳುವುದು ತಪ್ಪಲ್ಲ. ಬೇಡವೆನಿಸಿದರೆ ಬೇಡ ಎನ್ನಿರಿ.

ನಾವು ಏನು ಮಾಡಬಹುದು?

ನಮ್ಮ ಹತ್ತಿರ ಸ್ಕ್ಯಾನರ್ ಇಲ್ಲ. ಆದರೆ ಬಹಳ ಮನೆಗಳಲ್ಲಿ ಮೊಬೈಲ್ ಇದೆ. ಈಗ ನಿಮಗೆ ಬರೆಯಲೂ ಬರುತ್ತದೆ. ಇಷ್ಟು ಸಾಕು.

ಅಕ್ಷರದ ಕಲ್ಲು ಕಂಡರೆ ಹೀಗೆ ಮಾಡಿರಿ:

1. ಕಲ್ಲಿಗೆ ಬಣ್ಣ, ಸುಣ್ಣ ಬಳಿಯಬೇಡಿ. ಆಸಿಡ್ ಹಾಕಿ ತೊಳೆಯಬೇಡಿ. ಚಾಕು, ಮೊಳೆಯಿಂದ ಕೆರೆಯಬೇಡಿ. ಎಣ್ಣೆ ಸುರಿಯಬೇಡಿ.

2. ಬೆಳಿಗ್ಗೆ ಅಥವಾ ಸಂಜೆ ಫೋಟೋ ತೆಗೆಯಿರಿ. ಆಗ ಬಿಸಿಲು ಓರೆಯಾಗಿ ಬೀಳುತ್ತದೆ. ಅಕ್ಷರದ ತಗ್ಗಿನಲ್ಲಿ ನೆರಳು ನಿಂತು ಅಕ್ಷರ ಕಾಣುತ್ತದೆ. ನಡುಮಧ್ಯಾಹ್ನ ಕಾಣುವುದಿಲ್ಲ. ರಾತ್ರಿಯಾದರೆ ಬ್ಯಾಟರಿಯನ್ನು ಪಕ್ಕದಿಂದ ಹಿಡಿಯಿರಿ, ಎದುರಿನಿಂದ ಬೇಡ.

3. ಪೂರ್ತಿ ಕಲ್ಲಿನದು ಒಂದು ಫೋಟೋ, ಅಕ್ಷರದ ಹತ್ತಿರದ್ದು ಕೆಲವು ಫೋಟೋ, ಸುತ್ತಲಿನ ಜಾಗದ್ದು ಒಂದು ಫೋಟೋ ಇರಲಿ. ಎತ್ತರ ತಿಳಿಯಲು ಪಕ್ಕಕ್ಕೆ ಒಂದು ಅಡಿಪಟ್ಟಿ ಇಡಿರಿ.

4. ವಹಿಯಲ್ಲಿ ಬರೆಯಿರಿ. ಯಾವ ಊರು, ಯಾವ ಜಾಗ, ಯಾವ ತಾರೀಖು, ಆ ಕಲ್ಲಿನ ಬಗ್ಗೆ ಹಿರಿಯರು ಏನು ಹೇಳುತ್ತಾರೆ. ಬರಹ ಇಲ್ಲದ ಫೋಟೋ ಹತ್ತು ವರ್ಷಕ್ಕೆ ಮೂಕವಾಗುತ್ತದೆ.

5. ಪಂಚಾಯಿತಿಗೆ, ತಹಸೀಲ್ದಾರರಿಗೆ ತಿಳಿಸಿರಿ. ಶಾಲೆಯ ಶಿಕ್ಷಕರಿಗೆ ತೋರಿಸಿರಿ. ಪುರಾತತ್ವ ಇಲಾಖೆಗೆ ಸುದ್ದಿ ಮುಟ್ಟಲಿ. ಹಳೆಯ ಸ್ಮಾರಕ ಕಾಯಲು ನಮ್ಮ ರಾಜ್ಯದಲ್ಲಿ 1961ರ ಕಾಯ್ದೆ ಇದೆ. ನಮ್ಮ ಪರಂಪರೆಯನ್ನು ಗೌರವಿಸಿ ಉಳಿಸುವುದು ಪ್ರತಿಯೊಬ್ಬರ ಕರ್ತವ್ಯ ಎಂದು ಸಂವಿಧಾನವೂ ಹೇಳುತ್ತದೆ.

ಹಾಡು, ಕತೆ ಉಳಿಸಲು ಹೀಗೆ ಮಾಡಿರಿ:

ಅಜ್ಜಿಯನ್ನು ಮೊದಲು ಕೇಳಿರಿ. ಆಕೆ ಒಪ್ಪಲಿ. ಫ್ಯಾನು, ಟಿ.ವಿ. ಬಂದ್ ಮಾಡಿರಿ. ಮೊಬೈಲನ್ನು ಹತ್ತಿರ ಇಡಿರಿ. ಹಾಡುವ ಮೊದಲು ಆಕೆಯೇ ತನ್ನ ಹೆಸರು, ತವರೂರು, ಹಾಡು ಕಲಿಸಿದವರ ಹೆಸರು ಹೇಳಲಿ. ನಡುವೆ ಮರೆತರೆ ಅವಸರ ಮಾಡಬೇಡಿ. ಆಮೇಲೆ ಹಾಡನ್ನು ವಹಿಯಲ್ಲಿ ಬರೆಯಿರಿ. ಮೊಬೈಲಿನಲ್ಲಿ ಒಂದು, ವಹಿಯಲ್ಲಿ ಒಂದು, ಮಗಳ ಮೊಬೈಲಿನಲ್ಲಿ ಒಂದು. ಮೂರು ಪ್ರತಿ ಆಯಿತು.

ಅಕ್ಷರ ಬಾರದಾಗ ನಾವು ಆ ಕಲ್ಲನ್ನು ದಾಟಿ ಹೋಗುತ್ತಿದ್ದೆವು. ಈಗ ನಿಂತು ನೋಡೋಣ. ಹಳೆಯ ಕನ್ನಡ ಪೂರ್ತಿ ಓದಲು ಬಾರದಿರಬಹುದು. ಒಂದೆರಡು ಅಕ್ಷರವಾದರೂ ಗುರುತು ಸಿಕ್ಕೀತು. ಗುರುತು ಸಿಕ್ಕ ಕಲ್ಲನ್ನು ಯಾರೂ ಒಡೆಯುವುದಿಲ್ಲ.

ಹೊಸ ಮಾತುಗಳು

ಶಾಸನ: ಕಲ್ಲಿನ ಅಥವಾ ತಾಮ್ರದ ಮೇಲೆ ಕೊರೆದ ಬರಹ
ವೀರಗಲ್ಲು: ಹೋರಾಡಿ ಸತ್ತವರ ನೆನಪಿನ ಕಲ್ಲು
ಸಂರಕ್ಷಣೆ: ಕಾಪಾಡುವುದು
ಡಿಜಿಟಲ್: ಲೆಕ್ಕದ ರೂಪದಲ್ಲಿ ಇಟ್ಟದ್ದು
ಸ್ಕ್ಯಾನರ್: ವಸ್ತುವಿನ ಆಕಾರ ಅಳೆದು ಕಂಪ್ಯೂಟರಿಗೆ ಕೊಡುವ ಯಂತ್ರ
ಪರಂಪರೆ: ಹಿರಿಯರಿಂದ ಬಂದದ್ದು

ಓದಿ ಹೇಳಿರಿ

1. ಬೇಗೂರಿನ ಕಲ್ಲು ಯಾವ ಹೊಸ ಸಂಗತಿ ತಿಳಿಸಿತು?
2. ರಂಗೋಲಿಗೂ ಡಿಜಿಟಲ್ ಪ್ರತಿಗೂ ಏನು ಹೋಲಿಕೆ?
3. ಅತ್ತಿಮಬ್ಬೆ ಕಾವ್ಯವನ್ನು ಹೇಗೆ ಉಳಿಸಿದಳು?
4. ಕಲ್ಲಿನ ಫೋಟೋವನ್ನು ಬೆಳಿಗ್ಗೆ ಅಥವಾ ಸಂಜೆ ಏಕೆ ತೆಗೆಯಬೇಕು?
5. ಪ್ರತಿ ಇದ್ದರೂ ಮೂಲ ಕಲ್ಲು ಏಕೆ ಬೇಕು?

ಮಾಡಿ ನೋಡಿರಿ

ನಿಮ್ಮ ಮನೆಯ ಅಥವಾ ಓಣಿಯ ಹಿರಿಯ ಹೆಣ್ಣುಮಗಳಿಂದ ಒಂದು ಹಾಡು ಕೇಳಿ ಬರೆಯಿರಿ. ಕೆಳಗೆ ಆಕೆಯ ಹೆಸರು, ತವರೂರು, ಇಂದಿನ ತಾರೀಖು ಬರೆಯಿರಿ. ಮುಂದಿನ ವಾರ ಕೇಂದ್ರದಲ್ಲಿ ಎಲ್ಲರೆದುರು ಓದಿರಿ.